ಅಂಜಲೈ ಅಕ್ಕ ಕೇಳುವ ಪ್ರಶ್ನೆ

ನಾಗಪಟ್ಟಣಂ ಕಡಲ ದಂಡೆಯ ನಮ್ಮ ಕೇರಿಯಲ್ಲಿ, ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ತೂಕಡಿಸುವ ಹೊತ್ತಿಗೆ, ಹೆಂಗಸರೆಲ್ಲ ಬೇವಿನ ನೆರಳಲ್ಲಿ ಬಲೆ ಹೊಲಿಯುತ್ತ ಕಡಲು ಒಯ್ದವರ ಕತೆ ಹೇಳಿಕೊಳ್ಳುತ್ತೇವೆ. ಯಾರ ಕತೆಯನ್ನೂ ಅಂಜಲೈ ಅಕ್ಕ ಅಳುವಿನಲ್ಲಿ ಮುಗಿಯಗೊಡುವುದಿಲ್ಲ. ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, "ಅದಿರ್ಲಿ, ಅದಾದ್ಮೇಲೆ ಮೊದಲ ತುತ್ತು ಏನ್ ತಿಂದೆ?" ಎನ್ನುತ್ತಾಳೆ. ಯಮ ಬಂದರೂ ಊಟ ವಿಚಾರಿಸಿಯೇ ಒಳಗೆ ಬಿಡುವವಳೆಂದು ನಾವು ನಗುತ್ತೇವೆ. ಹೋದ ವಾರ ಹೊಸದಾಗಿ ಬಂದ ಪವಳಕ್ಕೊಡಿ, ಗಂಡನ ದೋಣಿ ಬಿರುಗಾಳಿಗೆ ಸಿಕ್ಕಿ ಅವನು ಮರಳಿ ಬಾರದ್ದನ್ನು ಹೇಳಿದಳು. ಅಕ್ಕ ಕೇಳಿಯೇಬಿಟ್ಟಳು. ಹುಡುಗಿ ಸಿಡಿದಳು: "ನಿಂಗೆ ತಿನ್ನೋದೇ ಚಿಂತೆ! ನೀನೇನ್ ತಿಂದೆ, ಹೇಳು!" ಬಲೆಯ ಮೇಲಿನ ಕೈಗಳೆಲ್ಲ ನಿಂತವು. ಅಕ್ಕನ ಕತೆಯನ್ನು ಅವಳ ಬಾಯಿಂದ ನಾವ್ಯಾರೂ ಕೇಳಿರಲಿಲ್ಲ. "ಮೊಸರನ್ನ," ಎಂದಳು ಅಕ್ಕ. "ಕಡಲು ಉಕ್ಕಿದಾಗ, ಇಬ್ರೂ ಮಕ್ಕಳನ್ನ ಮಣ್ಣು ಮಾಡಿ ಬಂದ ದಿನ. ಯಾರೋ ಕೈಗಿಟ್ರು. ರುಚಿಯಾಗಿತ್ತು ಕಣೇ. ರುಚಿ ಆಯ್ತಲ್ಲ ಅಂತ ನಾಚಿಕೆಯಾಗಿ ಅತ್ತುಬಿಟ್ಟೆ. ಅಳ್ತಾನೇ ಇನ್ನೊಂದು ತುತ್ತು ಕೇಳ್ದೆ." ಪವಳಕ್ಕೊಡಿ ಬಲೆಯನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಮೆಲ್ಲಗೆ, "ನಿನ್ನೆ ಮಾವಿನಕಾಯಿ ತಿಂದೆ ಅಕ್ಕಾ, ಉಪ್ಪು ಹಚ್ಕೊಂಡು. ಯಾರಿಗೂ ಹೇಳಿಲ್ಲ," ಎಂದಳು.