ಬನಹಟ್ಟಿಯಲ್ಲಿ ದಿನ ಬಿಟ್ಟು ದಿನದ ಶಾಲೆ

ಜಮಖಂಡಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಮ್ಮ ಕಡೆಯ ಶಾಲೆಗಳನ್ನು ನೋಡಲು ಡೆನ್ಮಾರ್ಕಿನಿಂದ ಬಂದಿದ್ದ ಶಿಕ್ಷಕಿ, ಅವರ ಮಾತನ್ನು ಕನ್ನಡಕ್ಕೆ ತಿರುಗಿಸಲು ಧಾರವಾಡದಿಂದ ಬಂದಿದ್ದ ನಾನು, ಬನಹಟ್ಟಿಯ ಹೆಡ್‌ಮಾಸ್ತರರು, ಮೂವರೂ ಒಂದು ನೇಕಾರರ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಒಳಗೆ ಮನೆಯ ಯಜಮಾನ ಮಗ್ಗದ ಮೇಲಿದ್ದ. ಅವನ ಹೆಂಡತಿ ಗೌರವ್ವನ ಇಬ್ಬರು ಹೆಣ್ಣುಮಕ್ಕಳು ರಾಟೆಯ ಮುಂದೆ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು.

ಇವರೇಕೆ ಶಾಲೆಗೆ ಹೋಗಿಲ್ಲ ಎಂದು ಅತಿಥಿ ಕೇಳಿದರು.

"ಕಂಡಿಕಿ ಸುತ್ತಾವ್ರು ಯಾರ್ರಿ? ಮಗ್ಗ ನಿಂತ್ರ ಒಲಿನೂ ನಿಲ್ತೈತಿ," ಎಂದಳು ಗೌರವ್ವ.

ಅತಿಥಿ ತಲೆಯಾಡಿಸಿದರು. ಅವರ ಹಳ್ಳಿಯಲ್ಲೂ ಹೊಲದ ಕೆಲಸ ಮಕ್ಕಳನ್ನು ಬಿಡುತ್ತಿರಲಿಲ್ಲವಂತೆ. ಅದಕ್ಕೇ ಆಗ ಅಲ್ಲಿ ದಿನ ಬಿಟ್ಟು ದಿನ ಶಾಲೆ ನಡೆಯುತ್ತಿತ್ತಂತೆ. ತಾವು ಕಲಿತದ್ದೂ ಹಾಗೆಯೇ ಎಂದರು. ಅಂಥ ದೇಶದಲ್ಲೂ ಹೀಗಿತ್ತೆಂದು ನನಗೆ ಗೊತ್ತಿರಲಿಲ್ಲ.

ಗೌರವ್ವನ ಮುಖ ಅರಳಿತು. "ಹಂಗಾದ್ರ ಒಂದಿನ ಈಕಿ, ಒಂದಿನ ಅಕಿ. ಮನ್ಯಾಗ ಒಬ್ಬಾಕಿ ಇದ್ರ ಸಾಕು ನನಗ. ಕಳಸ್ಲೇನ್ರಿ ಮಾಸ್ತರ?"

ಹೆಡ್‌ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು. "ಕಾಯ್ದೇದಾಗ ಹಿಂಗಿಲ್ಲವ್ವಾ. ತಪಾಸಣಿಗೆ ಬಂದ ಸಾಹೇಬರು ನನ್ನ ಕೇಳ್ತಾರ." ಆಮೇಲೆ ಟೋಪಿ ಸರಿಪಡಿಸಿಕೊಂಡರು. "ಕೇಳ್ಲಿ. ನಾಳಿಂದನ ಕಳಸ್ರಿ."

ರಾಟೆ ನಿಂತಿತು. "ನಾಳೆ ನಂದು!" ಎಂದಳು ಹಿರಿಯಳು. ಕಿರಿಯಳು ಅವಳ ಜಡೆ ಹಿಡಿದೆಳೆದಳು. "ಇಲ್ಲ, ನಂದು!"

"ಕಂಡಿಕಿ ಎಲ್ಲೇ?" ಮಗ್ಗದ ಕಡೆಯಿಂದ ಕೂಗು ಬಂತು.

ಗೌರವ್ವ ಜಗಳ ಬಿಡಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾನೇ ರಾಟೆಯ ಮುಂದೆ ಕೂತಳು.