ಕಾಕಾನ ಸರದಿ

ನಾನು ಮಿರಜದ ಬ್ಯಾಂಡೊಂದರಲ್ಲಿ ಕ್ಲಾರಿನೆಟ್ ಊದುವವನು. ಸಾಂಗ್ಲಿಯ ಆ ಸಭಾಗೃಹದ ಮುಂದೆ ಹಾದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಬ್ಯಾಂಡಿನ ಹಿರಿಯರಾದ ಕಾಕಾ ಹತ್ತಿರದ ಖಂಡೇರಾಜುರಿ ಎಂಬ ಊರಿನವರು. ಯುಫೋನಿಯಂ ಎಂಬ ದಪ್ಪ ಹಿತ್ತಾಳೆ ವಾದ್ಯ ಊದುತ್ತ ಮದುವೆ ಮೆರವಣಿಗೆಗಳಲ್ಲೇ ತಲೆ ಬೆಳ್ಳಗಾಗಿತ್ತು. ಮೆರವಣಿಗೆಯಲ್ಲಿ ಯಾವ ಹಾಡೂ ಮುಗಿಯುವುದಿಲ್ಲ. ಯಾವನೋ ಕೈ ಎತ್ತುತ್ತಾನೆ, ನಾವು ಅಲ್ಲಿಗೇ ನಿಲ್ಲಿಸಿ ಅವನು ಹೇಳಿದ್ದನ್ನು ಹಿಡಿಯಬೇಕು. ಹಿತ್ತಾಳೆ ವಾದ್ಯ ಊದಲು ಮುಂದಿನ ಹಲ್ಲಿನ ಆಸರೆ ಬೇಕೇ ಬೇಕು; ಅದು ಅಲುಗಾಡತೊಡಗಿದಾಗ ಕಾಕಾ ಒಂದೇ ಆಸೆ ಹೇಳಿದ್ದರು: "ಒಮ್ಮೆರೆ ಕುರ್ಚಿ ಮ್ಯಾಲ ಕುಂತು, ಒಂದ ಪೂರಾ ಊದಿ ಮುಗಸಬೇಕೋ."

ಆ ಅವಕಾಶ ಕೊಟ್ಟವರು ನಮ್ಮ ಸಂಗೀತದ ಮಾಸ್ತರರು. ಎಂಟು ಜನ ಊದುವವರಿಗೆಂದೇ ಒಂದು ಕೃತಿ ಬರೆದಿದ್ದರು. ಅದರ ಕಟ್ಟು ಹಳೆಯ ಕಾಲದ ಯುರೋಪಿನ ದರಬಾರಿನದು; ಸ್ವರಗಳು ಮಾತ್ರ ಇವತ್ತಿನವು, ಅಲ್ಲಲ್ಲಿ ಬೇಕೆಂದೇ ಕಿವಿ ಕಚ್ಚುವಂಥವು. ಕೊನೆಯ ಭಾಗದಲ್ಲಿ ಒಂದೇ ಧಾಟಿಯನ್ನು ಒಬ್ಬರ ಹಿಂದೊಬ್ಬರು ಎತ್ತಿಕೊಳ್ಳಬೇಕು, ಎತ್ತಿಕೊಂಡವರು ನಿಲ್ಲಿಸುವಂತಿಲ್ಲ. ಮೊದಲನೆಯವನು ನಾನು, ಎಂಟನೆಯವರು ಕಾಕಾ. ಅವರು ಸೇರಿದ ಮೇಲೇ ಎಲ್ಲ ಕೂಡಿಕೊಂಡು ಮುಗಿಯುವುದು. "ಊದೂದ್ರಾಗ ಅಳೂದು ಕರಿಯೂದು ಬ್ಯಾಡ್ರಿ, ಎಣಿಕಿ ತಪ್ಪಬ್ಯಾಡ್ರಿ," ಎಂದು ಮಾಸ್ತರರು ಮೂರು ತಿಂಗಳು ನಮ್ಮನ್ನು ಅರೆದರು.

ಸಾಂಗ್ಲಿಯ ಸಭಾಗೃಹದಲ್ಲಿ ಕಾರ್ಯಕ್ರಮದ ದಿನ, ಕೊನೆಯ ಭಾಗದಲ್ಲಿ ಏಳನೆಯವನೂ ಧಾಟಿ ಹಿಡಿದ. ಕಾಕಾ ವಾದ್ಯವನ್ನು ತುಟಿಗೆ ಒತ್ತಿಕೊಂಡರು. ಅಷ್ಟರಲ್ಲಿ, ತಾಸು ತಡಮಾಡಿದ ಮುಖ್ಯ ಅತಿಥಿ ಬಾಗಿಲಲ್ಲಿ ಕಾಣಿಸಿದರು. ಸಂಯೋಜಕ ವೇದಿಕೆಯ ಕೆಳಗಿಂದ ಕೈ ಎತ್ತಿ, ನಿಲ್ಲಿಸಿ ಸ್ವಾಗತದ್ದು ಬಾರಿಸಿರೆಂದು ಮರಾಠಿಯಲ್ಲಿ ಕೂಗಿದ. ಸಂಗೀತ ನಿಂತಿತು, ಸ್ವಾಗತದ ಧಾಟಿ ಶುರುವಾಯಿತು. ಮಾಸ್ತರರ ಕೈ ಮಾತ್ರ ಇನ್ನೂ ಎಣಿಸುತ್ತಲೇ ಇತ್ತು. ಆಮೇಲೆ ಹಾರ, ಶಾಲು, ಭಾಷಣ ಎಂದು ವೇಳೆ ಮುಗಿಯಿತು. ಅರ್ಧಕ್ಕೆ ನಿಂತದ್ದನ್ನು ಒಬ್ಬನಾದರೂ ಕೇಳಬೇಡವೇ? ಚಪ್ಪಾಳೆ ಬೇರೆ ತಟ್ಟಿದರು, ದಂಡಪಿಂಡಗಳು!

ಹೊರಗೆ ಬಂದು ಸಂಯೋಜಕನ ಜನ್ಮ ಜಾಲಾಡಿದೆ. ಅತಿಥಿಗೂ ಬೈದೆ. ಅಷ್ಟಕ್ಕೂ ಸಿಟ್ಟು ಇಳಿಯದೆ ಕಾಕಾನ ಮೇಲೆ ಹರಿಹಾಯ್ದೆ: "ನೀವರೆ ಯಾಕ ಸುಮ್ಮ ಕುಂತ್ರಿ ಕಾಕಾ? ಊದಿಬಿಡಬೇಕಾಗಿತ್ತು!"

ಕಾಕಾ ವಾದ್ಯದೊಳಗೆ ಕೂಡಿದ್ದ ಉಸಿರಿನ ನೀರು ಚೆಲ್ಲಿ, ಬಾಯಿ ಒರೆಸಿಕೊಂಡರು.

"ನಂದಿನ್ನಾ ಸುರೂನ ಆಗಿದ್ದಿಲ್ಲಲೋ. ಅಂವ ಕೈ ಎತ್ತಿದ ಕೂಡ್ಲೆ ಮೊದಲ ನಿಂತಾಂವ ನೀನು. ಸ್ವಾಗತದ್ದ ಹಿಡದಾಂವನೂ ನೀನ."

ಮುಂದಿನ ವಾರ ಮಿರಜದಲ್ಲಿ ಅವರ ಮುಂದಿನ ಹಲ್ಲು ಕೀಳಿಸಿದೆವು. ಜೊತೆಗೆ ಹೋದವನು ನಾನೇ.