ಅತ್ತರಮ್ಮನ ಮೂಗು

ಅತ್ತರಮ್ಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹೆತ್ತವರಿಟ್ಟ ಹೆಸರು ಅವರ ಗಂಡನಿಗೇ ಮರೆತುಹೋಗಿತ್ತೇನೋ. ಅವರಿಗಿಂತ ಮೊದಲು ಅಲ್ಲಿ ಸುಗಂಧ ತಯಾರಿಸುವವರೇ ಇರಲಿಲ್ಲ; ಪರವೂರಿನಿಂದ ಅತ್ತರಿನ ಡಬ್ಬ ತರಿಸಿ, ಶೀಶೆಗೆ ಸುರಿದು ಮಾರುವವರಷ್ಟೇ. ಹಿಂದಿನ ಕೋಣೆಯಲ್ಲಿ ತಾಮ್ರದ ಹಂಡೆಯಿಟ್ಟು ಗುಲಾಬಿ ಬಟ್ಟಿಯಿಳಿಸುತ್ತೇನೆಂದು ಈಕೆ ಹೊರಟಾಗ, ಹೆಂಗಸಿನ ಮೂಗಿಗೆ ಹಾಲು ಸೀದದ್ದು ತಿಳಿದರೆ ಸಾಕೆಂದು ಆ ವ್ಯಾಪಾರಿಗಳು ನಕ್ಕರು. ಮೂರು ಹಂಡೆ ಹೂವು ಸೀದೇಹೋಯಿತು. ನಾಲ್ಕನೆಯದರಲ್ಲಿ ಇಳಿದ ಅರ್ಧ ಚಮಚ ಎಣ್ಣೆಯನ್ನು ಮೂಸಿ, ನಕ್ಕವರೇ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಬೆಳಗಿನಿಂದ ಮೂಸಿ ಮೂಸಿ ಮೂಗು ದಣಿದಾಗ ಅವರು ತಮ್ಮ ಮೊಣಕೈಯ ಒಳಭಾಗವನ್ನು ಮೂಸುತ್ತಿದ್ದರು. ಸ್ವಂತ ಚರ್ಮದ ವಾಸನೆ ಸಿಕ್ಕರೆ ಮೂಗು ಮತ್ತೆ ಕೆಲಸಕ್ಕೆ ತಯಾರು. ಆ ವಾಸನೆ ಕೆಡದಿರಲೆಂದು ನಲವತ್ತು ವರ್ಷ ಘಮದ ಸೋಪು ಮುಟ್ಟಲಿಲ್ಲ, ಪೌಡರು ಹಚ್ಚಲಿಲ್ಲ, ಊರಿಗೆಲ್ಲ ಹಂಚಿದ ಅತ್ತರಿನ ಒಂದು ಹನಿಯನ್ನೂ ಮೈಗೆ ಸವರಿಕೊಳ್ಳಲಿಲ್ಲ. ಹಟವೆಂದರೆ ಅದು. ಕೆಲಸ ಕಲಿಯಲು ಪಕ್ಕದಲ್ಲಿ ಕೂತ ಸೊಸೆಗೂ ಅದೇ ಕಟ್ಟಳೆ.

ಅರವತ್ತೈದನೆಯ ವಯಸ್ಸಿನಲ್ಲಿ ಒಂದು ಜ್ವರ ಬಂದು ಹೋಯಿತು. ಎದ್ದ ದಿನ ಮೊಣಕೈ ಮೂಸಿದರೆ ಏನೂ ಇಲ್ಲ. ಗುಲಾಬಿ ಎಣ್ಣೆಯೂ ನೀರಿನಂತಿತ್ತು. ಯಾರಿಗೂ ಹೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮೂಗಿಲ್ಲದ ಅತ್ತರಮ್ಮನ ಹತ್ತಿರ ಯಾರು ಬಂದಾರು? ಯಾವ ಎಣ್ಣೆ ಎಷ್ಟು ಹನಿ ಎಂಬ ಲೆಕ್ಕ ಕೈಗೆ ನೆನಪಿತ್ತು, ಅದರ ಮೇಲೆಯೇ ಬೆರೆಸಿದರು. ಆದರೆ ಹೋದ ವರ್ಷದ ಏಳು ಹನಿ ಈ ವರ್ಷದ ಹೂವಿಗೆ ಹೊಂದುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು? ವರ್ಷವಿಡೀ ಶೀಶೆ ಹೊರಹೋದಾಗಲೆಲ್ಲ ಅದು ವಾಪಸು ಬರುವುದನ್ನೇ ಕಾಯುತ್ತಿದ್ದರು. ಒಬ್ಬರೂ ದೂರಲಿಲ್ಲ. ಹಳೆಯ ಗಿರಾಕಿ ಟೀಚರಮ್ಮನಂತೂ, ಈಚಿನದು ಮೊದಲಿಗಿಂತ ಚೆಂದವೆಂದು ಹೊಗಳಿ ಹೋದರು.

ಆ ಹೊಗಳಿಕೆಯನ್ನು ಅವರಿಗೆ ಅರಗಿಸಿಕೊಳ್ಳಲಾಗಲಿಲ್ಲ. ಒಳಗೆ ಹೋಗಿ, ಎಣ್ಣೆ ಸೋಸುತ್ತಿದ್ದ ಸೊಸೆಯ ಎದುರು ಕೂತರು.

"ನನ್ ಮೂಗು ಸತ್ತು ವರ್ಷ ಆಯ್ತು ಕಣೇ."

ಸೊಸೆ ತಲೆಯೆತ್ತಲಿಲ್ಲ. "ಗೊತ್ತು ಅತ್ತೆ. ಜ್ವರ ಬಿಟ್ಟ ಮಾರನೇ ದಿನ ಗುಲಾಬಿ ಸುರಿದಿದ್ದೇ ಸುರಿದಿದ್ದು ನೀವು. ಅವತ್ತಿಂದ ನೀವು ಊಟಕ್ಕೆ ಹೋದಾಗ ನಾನೇ ಸರಿ ಮಾಡ್ತಿದ್ದೆ."

"ಯಾವ್ಯಾವ್ದು?"

"ಎಲ್ಲಾನೂ."

ಮೊದಲು ಬಂದದ್ದು ಸಿಟ್ಟು. ತಮ್ಮ ಕೆಲಸಕ್ಕೆ ಕೈಹಾಕಿದವರನ್ನು ಸುಮ್ಮನೆ ಬಿಟ್ಟ ಹೆಂಗಸಲ್ಲ ಆಕೆ. ಆಮೇಲೆ, ಈ ಹುಡುಗಿ ವರ್ಷವಿಡೀ ತನ್ನ ಕೆಲಸದ ಹೊಗಳಿಕೆಯೆಲ್ಲ ಅತ್ತೆಗೇ ಬಿಟ್ಟುಕೊಟ್ಟು ಸುಮ್ಮನಿದ್ದಳಲ್ಲ ಎನಿಸಿ ಅಳು ಬಂತು. ಅತ್ತು, ಮುಖ ತೊಳೆದು, ಚಪ್ಪಲಿ ಮೆಟ್ಟಿ ಟೀಚರಮ್ಮನ ಮನೆಗೇ ನಡೆದರು.

ನೀವು ಹೊಗಳಿದ್ದು ನನ್ನ ಸೊಸೆಯ ಕೈಕೆಲಸ, ನನ್ನದಲ್ಲ, ನಿಮಗೆ ಒಂದು ವರ್ಷ ಸುಳ್ಳು ಹೇಳಿದೆ ಎಂದು ಬಾಗಿಲಲ್ಲೇ ನಿಂತು ಒಪ್ಪಿಕೊಂಡರು. ಟೀಚರಮ್ಮ ತಬ್ಬಿಬ್ಬಾಗಿ, ಹಾಗಾದರೆ ಮಗಳ ಮದುವೆಗೆ ಯಾವ ಅತ್ತರು ಒಪ್ಪುತ್ತದೆಂದು ಇನ್ನು ಯಾರನ್ನು ಕೇಳಲಿ ಎಂದರು.

"ಅವಳನ್ನ ಕೇಳಿ," ಎಂದರು ಅತ್ತರಮ್ಮ. "ನಾನೂ ಈಗ ಅವಳನ್ನೇ ಕೇಳೋದು."